ಮಗಳಿಗೆ 14, ಮಗನಿಗೆ 17: ಲೈಂಗಿಕ ಸೋಂಕುಗಳ ಬಗ್ಗೆ ಏನು ಹೇಳಲಿ?

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ 14 ವರ್ಷ, ಮಗನಿಗೆ 17. ಮಗಳ ಶಾಲೆಯಿಂದ ಎಚ್‌ಪಿವಿ ಲಸಿಕೆಗೆ ಒಪ್ಪಿಗೆ ಕೇಳಿ ಫಾರ್ಮ್ ಬಂದಿದೆ. ಅದು ಲೈಂಗಿಕ ಸಂಪರ್ಕದಿಂದ ಬರುವ ವೈರಸ್‌ಗೆ ಅಂತ ಗೊತ್ತಾದ ಮೇಲೆ ನಮ್ಮ ಮನೆಯವರು 'ಇಷ್ಟು ಚಿಕ್ಕ ಹುಡುಗಿಗೆ ಇದೆಲ್ಲ ಯಾಕೆ?' ಎಂದು ಫಾರ್ಮ್ ಪಕ್ಕಕ್ಕಿಟ್ಟಿದ್ದಾರೆ. ಮಗಳು 'ಇದು ಯಾವ ಕಾಯಿಲೆಗಮ್ಮಾ?' ಎಂದು ಕೇಳಿದಳು. ಏನು ಹೇಳಬೇಕೋ ತೋಚದೆ ಮಾತು ತಿರುಗಿಸಿದೆ. ಇಂಥ ರೋಗಗಳ ಬಗ್ಗೆ ಹೇಳಿದರೆ ನಾವೇ ಮಕ್ಕಳ ತಲೆಗೆ ಇಲ್ಲದ್ದು ತುಂಬಿದ ಹಾಗೆ ಆಗುವುದಿಲ್ಲವೇ? ಶೌಚಾಲಯದಿಂದಲೂ ಇವು ಬರುತ್ತವಂತೆ, ನಿಜವೇ? ಮಗನಿಗೂ ಹೇಳಬೇಕಾ?

ಉತ್ತರ: ಮೊದಲು ಫಾರ್ಮ್ ವಿಷಯ ಮುಗಿಸೋಣ. ಸಹಿ ಹಾಕಿ ಕಳಿಸಿ. ಯಾಕೆ ಅಂತ ಹೇಳುತ್ತೇನೆ, ನಿಮ್ಮ ಮನೆಯವರಿಗೂ ಇದನ್ನು ಓದಲು ಕೊಡಿ.

ಎಚ್‌ಪಿವಿ ಒಂದೇ ವೈರಸ್ ಅಲ್ಲ. ಅದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ, ಹೆಚ್ಚಿನವು ದೊಡ್ಡ ತೊಂದರೆ ಕೊಡುವುದಿಲ್ಲ. ಮಕ್ಕಳ ಕೈಮೇಲೆ ಏಳುವ ಸಾಮಾನ್ಯ ನರಹುಲಿಗೂ ಇದರದ್ದೇ ಒಂದು ಬಗೆ ಕಾರಣ. ಆದರೆ 16 ಮತ್ತು 18ನೇ ಬಗೆಗಳನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಇವೆರಡೇ ಕಾರಣ. ಸೋಂಕು ತಗುಲಿದ ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ವೈರಸ್ಸನ್ನು ಹೊರಗೆ ಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಳ್ಳುತ್ತದೆ. ಹದಿನೈದು, ಇಪ್ಪತ್ತು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳುತ್ತದೆ. ಈ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ಹಾರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ, 2006ರಲ್ಲೇ, ಮೊದಲ ಲಸಿಕೆ ಬಳಕೆಗೆ ಬಂದಾಗಿತ್ತು.

ಲಸಿಕೆ ವೈರಸ್ ಬರದಂತೆ ತಡೆಯುತ್ತದೆ, ಬಂದಿರುವುದನ್ನು ಓಡಿಸುವುದಿಲ್ಲ. ಹಾಗಾಗಿ ವೈರಸ್ಸಿನ ಗಾಳಿಯೂ ಸೋಕದ ವಯಸ್ಸಿನಲ್ಲೇ ಹಾಕಿಸಬೇಕು. ಇನ್ನೊಂದು ಕಾರಣವೂ ಇದೆ. 9ರಿಂದ 14ರ ವಯಸ್ಸಿನಲ್ಲಿ ದೇಹ ಈ ಲಸಿಕೆಗೆ ತುಂಬಾ ಚೆನ್ನಾಗಿ ಸ್ಪಂದಿಸುತ್ತದೆ, ಕಡಿಮೆ ಡೋಸ್ ಸಾಕಾಗುತ್ತದೆ. 9ರಿಂದ 20 ವರ್ಷದವರಿಗೆ ಒಂದು ಅಥವಾ ಎರಡು ಡೋಸ್ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಹಲವು ದೇಶಗಳ ನಿಯಮದಲ್ಲಿ 15 ದಾಟಿದರೆ ಮೂರು ಡೋಸ್ ಬೇಕು. ನಿಮ್ಮ ಮಗಳಿಗೆ 14, ತಡಮಾಡಬೇಡಿ.

ಫಲ ಏನು ಅಂತ ನಿಮ್ಮ ಮನೆಯವರು ಕೇಳಿದರೆ ಸ್ಕಾಟ್ಲೆಂಡಿನ ಉದಾಹರಣೆ ಕೊಡಿ. ಅಲ್ಲಿ 12–13ನೇ ವಯಸ್ಸಿನಲ್ಲಿ ಪೂರ್ತಿ ಲಸಿಕೆ ಪಡೆದ ಹುಡುಗಿಯರು ಈಗ ದೊಡ್ಡವರಾಗಿದ್ದಾರೆ. ಅವರಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ನ ಒಂದು ಪ್ರಕರಣವೂ ಸಿಕ್ಕಿಲ್ಲ ಎಂಬ ವರದಿ 2024ರಲ್ಲಿ ಬಂತು. ಲಸಿಕೆಯಿಂದ ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದು ಸುಮ್ನೆ ಹಬ್ಬಿದ ಮಾತು. ತೋಳು ಒಂದೆರಡು ದಿನ ನೋಯುತ್ತದೆ. ಹದಿಹರೆಯದವರಿಗೆ ಸೂಜಿ ಚುಚ್ಚಿದಾಗ ತಲೆ ತಿರುಗುವುದೂ ಉಂಟು, ಹದಿನೈದು ನಿಮಿಷ ಕೂರಿಸಿ ಕಳಿಸುತ್ತಾರೆ. ಲಸಿಕೆ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ, ಹಾಗಾಗಿ ದೊಡ್ಡವಳಾದ ಮೇಲೆ ಗರ್ಭಕೊರಳಿನ ತಪಾಸಣೆ ತಪ್ಪಿಸುವ ಹಾಗಿಲ್ಲ.

'ಇಷ್ಟು ಚಿಕ್ಕವಳಿಗೆ ಯಾಕೆ' ಅನ್ನುವವರಿಗೆ ನಾನು ಕೇಳುವುದು ಒಂದೇ. ಹೆಪಟೈಟಿಸ್ ಬಿ ಲಸಿಕೆಯನ್ನು ಎಷ್ಟೋ ದೇಶಗಳಲ್ಲಿ ಮಗು ಹುಟ್ಟಿದ ದಿನವೇ ಹಾಕುತ್ತಾರೆ. ಅದೂ ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ಸೇ. ಆ ದಿನ ತೊಟ್ಟಿಲ ಕೂಸಿನ ನಡತೆ ಬಗ್ಗೆ ಯಾರಾದರೂ ಯೋಚಿಸುತ್ತಾರಾ? ಇಲ್ಲ ಅಲ್ವಾ.

ಹೇಳಿದರೆ ಆಸೆ ಹುಟ್ಟುತ್ತದಾ ಅನ್ನುವುದು ನಿಮ್ಮ ದೊಡ್ಡ ಭಯ. ಈ ಭಯ ಎಲ್ಲ ತಂದೆ ತಾಯಿಗೂ ಇದೆ. ಅದಕ್ಕೇ ಹಲವು ದೇಶಗಳಲ್ಲಿ ಇದನ್ನು ಅಧ್ಯಯನ ಮಾಡಿ ನೋಡಿದ್ದಾರೆ. ಅವನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ಯುನೆಸ್ಕೊ 2018ರಲ್ಲಿ ಹೇಳಿದ್ದು ಇಷ್ಟು: ಸರಿಯಾದ ಲೈಂಗಿಕ ಶಿಕ್ಷಣ ಸಿಕ್ಕ ಮಕ್ಕಳು ಬೇಗ ಲೈಂಗಿಕ ಸಂಪರ್ಕಕ್ಕೆ ಇಳಿಯುವುದಿಲ್ಲ. ಎಷ್ಟೋ ಕಡೆ ತಡವಾಗಿಯೇ ಇಳಿಯುತ್ತಾರೆ, ಇಳಿದಾಗಲೂ ಎಚ್ಚರವಾಗಿರುತ್ತಾರೆ. ಎಚ್‌ಪಿವಿ ಲಸಿಕೆ ಪಡೆದ ಹುಡುಗಿಯರ ಬಗ್ಗೆ ಮಾಡಿದ ಅಧ್ಯಯನಗಳೂ ಇದೇ ಮಾತು ಹೇಳುತ್ತವೆ. ಕುತೂಹಲವನ್ನು ನೀವು ಹುಟ್ಟಿಸಬೇಕಾಗಿಲ್ಲ, ವಯಸ್ಸೇ ಅದನ್ನು ತಂದಿರುತ್ತದೆ. ನೀವು ಹೇಳದೆ ಬಿಟ್ಟಿದ್ದನ್ನು ಫೋನ್ ಹೇಳುತ್ತದೆ, ಅದೂ ತಪ್ಪು ತಪ್ಪಾಗಿ.

ಹೆದರಿಸಿ ಹೇಳುವುದರಲ್ಲಿ ನನಗೆ ನಂಬಿಕೆ ಇಲ್ಲ. ಕೆಲವು ಶಾಲೆಗಳಲ್ಲಿ ಕೊಳೆತ ಹುಣ್ಣು, ಸುರಿಯುವ ಕೀವಿನ ಚಿತ್ರ ತೋರಿಸಿ ಮಕ್ಕಳನ್ನು ಬೆಚ್ಚಿಬೀಳಿಸುತ್ತಾರೆ. ಮಕ್ಕಳು ಅದರಿಂದ ಕಲಿಯುವುದೇನು ಗೊತ್ತೇ? 'ರೋಗ ಅಂದರೆ ಹೀಗಿರುತ್ತದೆ. ನನಗೆ ಹೀಗಿಲ್ಲ, ಅವಳಿಗೂ ಹೀಗಿಲ್ಲ. ಹಾಗಾದರೆ ನಮಗೇನೂ ಇಲ್ಲ.' ಇದಕ್ಕಿಂತ ಅಪಾಯದ ಪಾಠ ಬೇರೆ ಇಲ್ಲ. ಯಾಕೆಂದರೆ ಈ ಸೋಂಕುಗಳಲ್ಲಿ ಬಹಳಷ್ಟು ಕಣ್ಣಿಗೆ ಕಾಣುವುದೇ ಇಲ್ಲ. ಮಕ್ಕಳಿಗೆ ಒಂದೇ ವಿಷಯ ಹೇಳಲು ಅವಕಾಶ ಸಿಕ್ಕಿದರೆ ನಾನು ಇದನ್ನೇ ಹೇಳುತ್ತೇನೆ.

ಕ್ಲಮೈಡಿಯಾ ತೆಗೆದುಕೊಳ್ಳಿ. ಇದು ಬ್ಯಾಕ್ಟೀರಿಯಾ ಸೋಂಕು, ಹದಿಹರೆಯದವರಲ್ಲಿ, ಇಪ್ಪತ್ತರ ಆಸುಪಾಸಿನವರಲ್ಲಿ ಜಾಸ್ತಿ. ಸೋಂಕು ತಗುಲಿದ ಹೆಚ್ಚಿನ ಹುಡುಗಿಯರಿಗೆ ಏನೂ ಆಗುವುದಿಲ್ಲ. ನೋವಿಲ್ಲ, ಉರಿ ಇಲ್ಲ, ಜ್ವರ ಇಲ್ಲ. ಹುಡುಗರಲ್ಲೂ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಆದರೆ ಒಳಗೆ ಅದು ಗರ್ಭಕೋಶದಿಂದ ಗರ್ಭನಾಳಕ್ಕೆ ಹತ್ತಬಹುದು. ನಾಳದ ಒಳಗೋಡೆ ಊದಿಕೊಂಡು, ವಾಸಿಯಾಗುವಾಗ ಗಾಯದ ಕಲೆ ಕಟ್ಟಿ, ದಾರಿ ಕಿರಿದಾಗುತ್ತದೆ. ಹತ್ತು ವರ್ಷ ಕಳೆದು ಮದುವೆಯಾಗಿ ಮಕ್ಕಳಾಗುತ್ತಿಲ್ಲ ಎಂದು ಪರೀಕ್ಷೆ ಮಾಡಿಸಿದಾಗ ನಾಳ ಮುಚ್ಚಿರುವುದು ಗೊತ್ತಾಗುತ್ತದೆ. ಇಲ್ಲವೇ ಗರ್ಭ ನಾಳದಲ್ಲೇ ನಿಂತು ಜೀವಕ್ಕೆ ಕುತ್ತು ಬರುತ್ತದೆ. ಮೊದಲೇ ಒಂದು ಮೂತ್ರ ಪರೀಕ್ಷೆ ಮಾಡಿಸಿದ್ದರೆ ಒಂದು ವಾರದ ಮಾತ್ರೆಯಲ್ಲಿ ಮುಗಿಯುತ್ತಿತ್ತು. ಈ ವಯಸ್ಸಿನ ಹುಡುಗಿಯರಿಗೆ ಇದು ಬೇಗ ತಗುಲುವುದಕ್ಕೆ ದೇಹದ ಕಾರಣವೂ ಇದೆ. ಹದಿಹರೆಯದಲ್ಲಿ ಗರ್ಭಕೊರಳಿನ ಒಳಭಾಗದ ಮೆತ್ತನೆಯ ಜೀವಕೋಶಗಳು ಹೊರಮುಖಕ್ಕೆ ಚಾಚಿಕೊಂಡಿರುತ್ತವೆ. ಕ್ಲಮೈಡಿಯಾಕ್ಕೆ ಬೇಕಾಗುವುದು ಅವೇ. ವಯಸ್ಸಾದಂತೆ ಅವು ಒಳಗೆ ಸರಿಯುತ್ತವೆ.

ಸಿಫಿಲಿಸ್ ಇನ್ನೂ ಕಿಲಾಡಿ. ಸಂಪರ್ಕವಾಗಿ ಸುಮಾರು ಮೂರು ವಾರಕ್ಕೆ ಒಂದು ಗಟ್ಟಿ ಅಂಚಿನ ಹುಣ್ಣು ಏಳುತ್ತದೆ. ನೋಯುವುದಿಲ್ಲ. ಯೋನಿಯ ಒಳಗೋ ಬಾಯಲ್ಲೋ ಆದರೆ ಕಾಣುವುದೂ ಇಲ್ಲ. ಮೂರರಿಂದ ಆರು ವಾರದಲ್ಲಿ ಔಷಧಿ ಇಲ್ಲದೆ ತಾನಾಗಿಯೇ ಮಾಯುತ್ತದೆ. 'ಸದ್ಯ, ಹೋಯಿತು' ಎಂದು ಹುಡುಗ ನಿಟ್ಟುಸಿರು ಬಿಡುತ್ತಾನೆ. ಹೋಗಿರುವುದಿಲ್ಲ, ರಕ್ತಕ್ಕೆ ಇಳಿದಿರುತ್ತದೆ. ಕೆಲವು ವಾರದ ಮೇಲೆ ಮೈಮೇಲೆ, ಅಂಗೈ ಅಂಗಾಲಿನಲ್ಲೂ, ಕೆಂಪು ಕಲೆ ಏಳುತ್ತವೆ. ಸಾಮಾನ್ಯವಾಗಿ ತುರಿಕೆ ಇರುವುದಿಲ್ಲ. ಅಂಗೈಯಲ್ಲಿ ಏಳುವ ತುರಿಸದ ಕಲೆಯನ್ನು ಯಾರೂ ಅಲರ್ಜಿ ಅಂತ ಬಿಡಬಾರದು. ಅದೂ ತಾನಾಗಿ ಮಾಸುತ್ತದೆ. ಆಮೇಲೆ ವರ್ಷಗಟ್ಟಲೆ ಮೌನ, ಕೆಲವರಲ್ಲಿ ಕೊನೆಗೆ ಹೃದಯ, ಮೆದುಳಿಗೆ ಪೆಟ್ಟು. ಬಸುರಿಗೆ ಇದ್ದರೆ ಹೊಟ್ಟೆಯ ಮಗುವಿಗೂ ದಾಟುತ್ತದೆ. ಇಷ್ಟೆಲ್ಲ ಮಾಡುವ ರೋಗ ಇವತ್ತಿಗೂ ಹಳೆಯ ಪೆನಿಸಿಲಿನ್ ಇಂಜೆಕ್ಷನ್‌ಗೆ ಮಣಿಯುತ್ತದೆ. ಮೊದಲ ಹಂತದಲ್ಲೇ ಬಂದರೆ ಸಾಮಾನ್ಯವಾಗಿ ಒಂದೇ ಸಲದ ಚುಚ್ಚುಮದ್ದು ಸಾಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಗೊನೋರಿಯಾ ಹುಡುಗರಲ್ಲಿ ಸಾಮಾನ್ಯವಾಗಿ ಒಂದು ವಾರದೊಳಗೆ ಉರಿಮೂತ್ರ, ಕೀವು ತರುತ್ತದೆ. ಹುಡುಗಿಯರಲ್ಲಿ ಎಷ್ಟೋ ಸಲ ಸುಮ್ಮನಿರುತ್ತದೆ. ಹಳೆಯ ಆ್ಯಂಟಿಬಯಾಟಿಕ್‌ಗಳಿಗೆ ಈಗ ಬಗ್ಗುತ್ತಿಲ್ಲ. ಟ್ರೈಕೊಮೋನಿಯಾಸಿಸ್ ಒಂದು ಪರೋಪಜೀವಿಯಿಂದ ಬರುತ್ತದೆ, ಮಾತ್ರೆಗೆ ಹೋಗುತ್ತದೆ. ಸಿಫಿಲಿಸ್, ಕ್ಲಮೈಡಿಯಾ ಮತ್ತು ಇವೆರಡು, ಈ ನಾಲ್ಕೂ ಪೂರ್ತಿ ವಾಸಿಯಾಗುವಂಥವು. ವೈರಸ್‌ಗಳ ಕಥೆ ಬೇರೆ. ಹೆಪಟೈಟಿಸ್ ಬಿ, ಎಚ್‌ಪಿವಿಗೆ ಲಸಿಕೆ ಇದೆ. ಹರ್ಪಿಸ್ ನರಗಳ ಬುಡದಲ್ಲಿ ಅವಿತುಕೊಂಡು ಆಗಾಗ ನೀರುಗುಳ್ಳೆಯಾಗಿ ಏಳುತ್ತದೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಎಚ್‌ಐವಿಯನ್ನು ದೇಹದಿಂದ ಪೂರ್ತಿ ತೆಗೆಯುವ ಮದ್ದು ಬಳಕೆಗೆ ಬಂದಿಲ್ಲ. ಆದರೆ ದಿನವೂ ಔಷಧಿ ತೆಗೆದುಕೊಳ್ಳುವವರು ಬೇರೆಯವರಷ್ಟೇ ಕಾಲ ಬದುಕಬಹುದು. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು, ಹಾಗೇ ಉಳಿದರೆ ಅವರಿಂದ ಸಂಗಾತಿಗೆ ಲೈಂಗಿಕವಾಗಿ ಹರಡುವುದೂ ಇಲ್ಲ. ಈ ಮಾತನ್ನು ಮಕ್ಕಳಿಗೆ ಖಂಡಿತ ಹೇಳಿ. ನಾಳೆ ಅವರ ತರಗತಿಯಲ್ಲೇ ಎಚ್‌ಐವಿ ಇರುವ ಮಗು ಇದ್ದರೆ ದೂರ ಸರಿಯಬಾರದು.

ಶೌಚಾಲಯದಿಂದ ಬರುವುದಿಲ್ಲ. ಈ ರೋಗಾಣುಗಳಲ್ಲಿ ಹೆಚ್ಚಿನವು ದೇಹದ ಬಿಸಿ, ತೇವ ಬಿಟ್ಟು ಹೊರಗೆ ಹೆಚ್ಚು ಹೊತ್ತು ಬಾಳುವುದಿಲ್ಲ. ಜೊತೆಗೆ ಕೂತು ಉಂಡರೆ, ಅಪ್ಪಿಕೊಂಡರೆ, ಈಜುಕೊಳಕ್ಕೆ ಇಳಿದರೆ ಬರುವುದಿಲ್ಲ. ಎಚ್‌ಐವಿ ಸೊಳ್ಳೆಯಿಂದಲೂ ಬರುವುದಿಲ್ಲ, ಸೊಳ್ಳೆಯ ಹೊಟ್ಟೆಯಲ್ಲಿ ಅದು ಜೀರ್ಣವಾಗಿಬಿಡುತ್ತದೆ. ಬರುವುದು ಯೋನಿ, ಗುದ, ಬಾಯಿ ಮೂಲಕ ನಡೆಯುವ ಲೈಂಗಿಕ ಸಂಪರ್ಕದಿಂದ. ಹರ್ಪಿಸ್, ಎಚ್‌ಪಿವಿ ಆ ಜಾಗದ ಚರ್ಮಕ್ಕೆ ಚರ್ಮ ತಾಗಿದರೂ ಬರಬಹುದು. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ರಕ್ತದಿಂದಲೂ ಹರಡುತ್ತವೆ. ಹಂಚಿಕೊಂಡ ಸೂಜಿ, ಶುದ್ಧ ಮಾಡದ ಹಚ್ಚೆ ಸೂಜಿ ಅಪಾಯ. ಇನ್ನೊಬ್ಬರ ರೇಜರ್ ಬಳಸಿದರೆ ಹೆಪಟೈಟಿಸ್ ಬಿ ಬರಬಹುದು. ಹದಿಹರೆಯದವರಲ್ಲಿ ಒಂದು ತಪ್ಪು ತಿಳಿವಳಿಕೆ ಜಾಸ್ತಿ: ಬಾಯಿ ಮೂಲಕ ಆದರೆ ಅಪಾಯ ಇಲ್ಲ ಅಂತ. ಗೊನೋರಿಯಾ, ಸಿಫಿಲಿಸ್, ಹರ್ಪಿಸ್ ಎಲ್ಲವೂ ಆ ದಾರಿಯಲ್ಲಿ ಬರುತ್ತವೆ. ಇನ್ನೊಂದು, ಗರ್ಭ ತಡೆಯುವ ಮಾತ್ರೆ ನುಂಗಿದರೆ ಆಯಿತು ಅಂತ. ಆ ಮಾತ್ರೆ ಗರ್ಭವನ್ನಷ್ಟೇ ತಡೆಯುತ್ತದೆ, ಸೋಂಕನ್ನಲ್ಲ.

ಇದಕ್ಕೆ ಉಲ್ಟಾ ಕಥೆಯೂ ಇದೆ. ರೋಗವೇ ಅಲ್ಲದ್ದಕ್ಕೆ ಹೆದರಿ ನಿದ್ದೆಗೆಡುವ ಮಕ್ಕಳು ನನ್ನ ಬಳಿ ಬಹಳ ಬರುತ್ತಾರೆ. ಹುಡುಗರಲ್ಲಿ ಶಿಶ್ನದ ತುದಿಯ ಅಂಚಿನ ಸುತ್ತ ಸಾಲಾಗಿ, ಒಂದೇ ಅಳತೆಯ ಪುಟ್ಟ ಮುತ್ತಿನಂಥ ಗುಳ್ಳೆಗಳಿರುತ್ತವೆ. ಇದು ಎಷ್ಟೋ ಜನರಿಗೆ ಸಹಜವಾಗಿಯೇ ಇರುವಂಥದ್ದು. ನರಹುಲಿ ಅಲ್ಲ, ಯಾರಿಂದಲೂ ಬಂದದ್ದಲ್ಲ, ಚಿಕಿತ್ಸೆಯೂ ಬೇಡ. ಆದರೆ ಹುಡುಗ ರಾತ್ರಿಯೆಲ್ಲ ಫೋನಿನಲ್ಲಿ ಹುಡುಕಿ, ಯಾವುದೋ ಆಸಿಡ್ ಮುಲಾಮು ಹಚ್ಚಿ, ಚರ್ಮ ಸುಟ್ಟುಕೊಂಡು ಬಂದಿರುತ್ತಾನೆ. ಹುಡುಗಿಯರಲ್ಲಿ ಬಿಳಿ ಹೋಗುವುದೂ ಹಾಗೇ. ಮುಟ್ಟಿನ ಚಕ್ರದ ಮಧ್ಯದಲ್ಲಿ ಮೊಟ್ಟೆಯ ಲೋಳೆಯಂತೆ ನೂಲು ಬರುವುದು, ಬೇರೆ ದಿನ ಸ್ವಲ್ಪ ಬೆಳ್ಳಗೆ ಗಟ್ಟಿಯಾಗಿರುವುದು ಆರೋಗ್ಯದ ಲಕ್ಷಣ. ಮೊಸರು ಒಡೆದಂತೆ ಬಂದು ತುರಿಸಿದರೆ ಹೆಚ್ಚಾಗಿ ಶಿಲೀಂಧ್ರ. ಅದನ್ನೂ ಲೈಂಗಿಕ ರೋಗದ ಲೆಕ್ಕಕ್ಕೆ ಸೇರಿಸುವುದಿಲ್ಲ. ಕೂದಲು ತೆಗೆದ ಮೇಲೆ ಬುಡದಲ್ಲಿ ಏಳುವ ಕೀವುಗುಳ್ಳೆಯೂ ಅಷ್ಟೇ. ಹಸಿರು ಅಥವಾ ಹಳದಿ ಸ್ರಾವ, ಕೆಟ್ಟ ವಾಸನೆ, ಕೆಳಹೊಟ್ಟೆ ನೋವು, ಮುಟ್ಟಿನ ನಡುವೆ ರಕ್ತ, ಹುಣ್ಣು, ಮೂತ್ರದಲ್ಲಿ ಉರಿ, ತೊಡೆಸಂದಿಯಲ್ಲಿ ಗಂಟು, ಇವಿದ್ದರೆ ಡಾಕ್ಟರ್ ನೋಡಲೇಬೇಕು. ಯೋನಿಯ ಒಳಗೆ ಸೋಪು, ಕ್ರಿಮಿನಾಶಕ ಹಾಕಿ ತೊಳೆಯುವುದು ಮಾತ್ರ ಬೇಡವೇ ಬೇಡ. ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಸೋಂಕಿಗೆ ದಾರಿ ಸುಲಭವಾಗುತ್ತದೆ.

ಇನ್ನು ತಡೆಯುವ ಮಾತು. ಲೈಂಗಿಕ ಸಂಪರ್ಕ ಇಲ್ಲದಿದ್ದರೆ ಈ ಸೋಂಕುಗಳ ಮುಖ್ಯ ದಾರಿಯೇ ಮುಚ್ಚಿದಂತೆ, ಇದನ್ನು ಹೇಳಲು ಮುಜುಗರ ಬೇಡ. ಕಾಯುವುದು ಒಳ್ಳೆಯದು, ಕಾಯಲು ಕಾರಣವಿದೆ, 'ಎಲ್ಲರೂ ಮಾಡುತ್ತಿದ್ದಾರೆ' ಅನ್ನುವುದು ಸುಳ್ಳು ಎಂದು ಮಕ್ಕಳಿಗೆ ನೇರವಾಗಿ ಹೇಳಿ. ಯಾರು ಎಷ್ಟೇ ಒತ್ತಾಯ ಮಾಡಿದರೂ ಬೇಡ ಅನ್ನಬಹುದು, ಒಮ್ಮೆ ಒಪ್ಪಿದ್ದಕ್ಕೆ ಮತ್ತೆ ಒಪ್ಪಲೇಬೇಕು ಅಂತಿಲ್ಲ, ಇದನ್ನು ಮಗಳಿಗೆ ಹೇಳಿದಷ್ಟೇ ಒತ್ತಿ ಮಗನಿಗೂ ಹೇಳಿ. ಎದುರಿನವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು ಅನ್ನುವುದನ್ನೂ ಅವನಿಗೆ ಹೇಳಿ.

ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ನಿಮ್ಮ ಮಗನಿಗೆ 17. ಇನ್ನು ಕೆಲವೇ ವರ್ಷದಲ್ಲಿ ಅವನ ನಿರ್ಧಾರಗಳು ಅವನವೇ. ಆಗ ಬೇಕಾಗುವ ಮಾಹಿತಿ ಈಗಲೇ ಕಿವಿಗೆ ಬಿದ್ದಿರಲಿ. ಕಾಂಡೋಮ್ ಸರಿಯಾಗಿ, ಪ್ರತಿ ಸಲ ಬಳಸಿದರೆ ಎಚ್‌ಐವಿ, ಗೊನೋರಿಯಾ, ಕ್ಲಮೈಡಿಯಾದಿಂದ ಚೆನ್ನಾಗಿ ಕಾಪಾಡುತ್ತದೆ. ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್‌ನಲ್ಲಿ ಅಷ್ಟು ಅಲ್ಲ, ಅದು ಮುಚ್ಚದ ಚರ್ಮದಿಂದಲೂ ಇವು ದಾಟುತ್ತವೆ. ಪಾಕೀಟಿನ ಮೇಲಿನ ತಾರೀಖು ನೋಡಬೇಕು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬಿಸಿಗೆ, ಒತ್ತಡಕ್ಕೆ ರಬ್ಬರ್ ಹಾಳಾಗುತ್ತದೆ. ಎಣ್ಣೆ, ವ್ಯಾಸಲೀನ್ ತಾಗಿದರೆ ಲೇಟೆಕ್ಸ್ ಹರಿಯುತ್ತದೆ. ಎರಡು ಹಾಕಿದರೆ ಡಬಲ್ ರಕ್ಷಣೆ ಅಲ್ಲ, ಒಂದಕ್ಕೊಂದು ಉಜ್ಜಿ ಎರಡೂ ಹರಿಯಬಹುದು. ಇದನ್ನು ಹೇಳಲು ನಿಮಗೆ ಬಾಯಿ ಬರದಿದ್ದರೆ ಅವನ ಅಪ್ಪನೋ ಮಾವನೋ ಹೇಳಲಿ. ಎಚ್‌ಪಿವಿ ಲಸಿಕೆ ಅವನಿಗೂ ಆಗುತ್ತದೆ. ಗಂಟಲು, ಗುದ, ಶಿಶ್ನದ ಕೆಲವು ಕ್ಯಾನ್ಸರ್‌ಗಳಿಗೂ ಇದೇ ವೈರಸ್ ಕಾರಣ. ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ ಶುರು ಮಾಡಿ 2013ರಲ್ಲಿ ಹುಡುಗರನ್ನೂ ಸೇರಿಸಿತು.

ಸಂಪರ್ಕ ಆಗಿಬಿಟ್ಟಿದ್ದರೆ ಪರೀಕ್ಷೆಯೊಂದೇ ದಾರಿ. ಕ್ಲಮೈಡಿಯಾ, ಗೊನೋರಿಯಾಗೆ ಮೂತ್ರ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿಗೆ ಸ್ವಲ್ಪ ರಕ್ತ, ಅಷ್ಟೇ. ಮಾರನೇ ದಿನವೇ ಮಾಡಿಸಿ 'ಏನೂ ಇಲ್ಲ' ಎಂದು ಕುಣಿಯುವ ಹಾಗಿಲ್ಲ. ಪ್ರಯೋಗಾಲಯದಲ್ಲಿ ಮಾಡುವ ಹೊಸ ಬಗೆಯ ಎಚ್‌ಐವಿ ಪರೀಕ್ಷೆಗೂ 45 ದಿನದವರೆಗೆ ಕಾಯಬೇಕಾಗಬಹುದು, ಬೇರೆ ಕೆಲವಕ್ಕೆ 90 ದಿನ. ಎಚ್‌ಐವಿ ಅಪಾಯ ಇತ್ತು ಅನ್ನಿಸಿದರೆ ಮಾತ್ರ ಕಾಯಬಾರದು. 72 ಗಂಟೆಯೊಳಗೆ ಆಸ್ಪತ್ರೆಗೆ ಹೋದರೆ 28 ದಿನದ ಮಾತ್ರೆಗಳಿಂದ ಸೋಂಕು ಕೂರದಂತೆ ತಡೆಯಬಹುದು, ಬೇಗ ಶುರುವಾದಷ್ಟೂ ಒಳ್ಳೆಯದು. ಬಲವಂತ ನಡೆದಿದ್ದರೆ ಇದು ಇನ್ನೂ ಮುಖ್ಯ. ಆಗ 'ನೀನ್ಯಾಕೆ ಅಲ್ಲಿಗೆ ಹೋದೆ' ಎಂದು ಕೇಳುತ್ತಾ ಕೂತರೆ ಆ 72 ಗಂಟೆ ಮನೆಯಲ್ಲೇ ಕಳೆದುಹೋಗುತ್ತದೆ. ಮೊದಲು ಆಸ್ಪತ್ರೆ, ಮಾತು ಆಮೇಲೆ.

ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಎರಡು ನುಂಗುವುದು, ಸ್ನೇಹಿತ ಹೇಳಿದ ಮುಲಾಮು ಹಚ್ಚುವುದು, ಇವೆರಡರಿಂದ ನಮಗೆ ಬಹಳ ತಲೆನೋವು. ಲಕ್ಷಣ ಮುಚ್ಚಿಹೋಗುತ್ತದೆ, ಸೋಂಕು ಉಳಿಯುತ್ತದೆ. ಸ್ಟೀರಾಯ್ಡ್ ಬೆರೆಸಿದ ತುರಿಕೆ ಮುಲಾಮು ಹಚ್ಚಿ ಬಂದವರ ಚರ್ಮ ನೋಡಿ ಏನಿತ್ತು ಅಂತ ಹೇಳುವುದೇ ಕಷ್ಟ. ಸಂಗಾತಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಅದು ಇವರಿಂದ ಅವರಿಗೆ, ಅವರಿಂದ ಇವರಿಗೆ ತಿರುಗುತ್ತಲೇ ಇರುತ್ತದೆ.

ಮಗಳಿಗೆ ಉತ್ತರ ಬಾಕಿ ಇದೆ. ಇಷ್ಟು ಹೇಳಿದರೆ ಸಾಕು: 'ಇದು ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ. ಅದನ್ನು ತರುವ ವೈರಸ್ ದೊಡ್ಡವರಾದ ಮೇಲೆ ಲೈಂಗಿಕ ಸಂಪರ್ಕದಿಂದ ಬರುತ್ತದೆ, ಅದಕ್ಕೇ ಮುಂಚೆಯೇ ಹಾಕಿಸುತ್ತಾರೆ. ಅವತ್ತು ಹೇಗೆ ಹೇಳಬೇಕು ಅಂತ ಗೊತ್ತಾಗದೆ ಸುಮ್ಮನಾದೆ. ಬೇರೆ ಏನಾದರೂ ಕೇಳಬೇಕಾ?' ಅವಳು 'ಛೀ' ಅಂತ ಎದ್ದು ಹೋಗಬಹುದು. ಹೋಗಲಿ ಬಿಡಿ, ವಾರ ಬಿಟ್ಟು ಅಡುಗೆಮನೆಗೆ ಬಂದು ತಾನಾಗಿ ಕೇಳುತ್ತಾಳೆ. ಒಂದೇ ಸಲ ಕೂರಿಸಿ ಪಾಠ ಮಾಡುವುದಕ್ಕಿಂತ ಹೀಗೆ ತುಂಡು ತುಂಡಾಗಿ ಹೇಳುವುದು ಇಬ್ಬರಿಗೂ ಸುಲಭ. ಮುಖ ನೋಡಿಕೊಂಡು ಹೇಳಲು ಕಷ್ಟವಾದರೆ ಜೊತೆಯಲ್ಲಿ ನಡೆಯುವಾಗ, ಬಟ್ಟೆ ಮಡಚುವಾಗ ಹೇಳಿ.

ಮುಂದಿನ ಸಲ ಮಕ್ಕಳನ್ನು ಯಾವ ಕಾರಣಕ್ಕಾದರೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ, ಐದು ನಿಮಿಷ ನೀವು ಹೊರಗೆ ಕೂರುತ್ತೇನೆ ಅನ್ನಿ. ಈ ವಯಸ್ಸಿನವರಿಗೆ ಅಮ್ಮನ ಎದುರು ಕೇಳಲಾಗದ್ದು ಒಂದಾದರೂ ಇರುತ್ತದೆ. ಹೊರಗೆ ಬಂದ ಮೇಲೆ 'ಏನು ಕೇಳಿದೆ?' ಎಂದು ಕೆದಕಲು ಹೋಗಬೇಡಿ.